‘ಡ್ಯಾಮ್ ಬಿಟ್ಟರು, ಊರು ಮುಳುಗಿತು’ ಎನ್ನುವ ಮುನ್ನ

ಆಗಸ್ಟ್ ತಿಂಗಳ ಮಳೆ ಹಿಡಿಯಿತೆಂದರೆ ಬೆಳಗಾವಿಯ ರಾಮತೀರ್ಥ ನಗರದ ಕಡೆ ಒಂದು ಮಾತು ಕೇಳಿಬರುತ್ತದೆ: ‘ನಮ್ಮ ಕಡೆ ಹೊಳಿನೂ ಇಲ್ಲ, ಹಳ್ಳಾನೂ ಇಲ್ಲ. ನಮಗ್ಯಾಕ್ರಿ ಪೂರದ ಚಿಂತಿ?’ ಕಣಬರ್ಗಿ ಮಗ್ಗುಲಿನ ಬಡಾವಣೆಯವರು ಹೀಗೆ ಅನ್ನುವುದು ಸಹಜ. ಆದರೆ 2019ರ ಆಗಸ್ಟ್ ಮೊದಲ ವಾರದಲ್ಲಿ ನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ ನೀರು ಯಾವ ದೊಡ್ಡ ನದಿಯದೂ ಆಗಿರಲಿಲ್ಲ. ಮಾರ್ಕಂಡೇಯ ಹರಿಯುವುದು ನಗರದ ಹೊರಗೆ, ಕಂಗ್ರಾಳಿ–ಕಾಕತಿ ಕಡೆಯಿಂದ. ಊರೊಳಗೆ ನೀರು ನಿಲ್ಲಿಸುವವು ನಾಲೆಗಳು. ಅವುಗಳಲ್ಲಿ ದೊಡ್ಡದು ಬಳ್ಳಾರಿ ನಾಲೆ. ಯಳ್ಳೂರು, ಶಹಾಪುರ, ವಡಗಾವಿಯ ಗದ್ದೆಗಳ ನಡುವೆ ಹಾದು ಹೆದ್ದಾರಿ ದಾಟಿ ಪೂರ್ವಕ್ಕೆ ಹೋಗುವ ಈ ನಾಲೆಯಲ್ಲಿ ಹೂಳು, ಜೇಕು, ಪ್ಲಾಸ್ಟಿಕ್ ತುಂಬಿದಷ್ಟೂ ನೀರು ಪಕ್ಕದ ಬಾಸುಮತಿ ಭತ್ತದ ಮೇಲೆ ಹತ್ತುತ್ತದೆ. ರೈತ ಎರಡನೇ ಸಲ ಬಿತ್ತನೆ, ನಾಟಿ ಅಂತ ಮತ್ತೆ ಸಾಲ ಮಾಡುತ್ತಾನೆ. ಏರಿನ ಮೇಲೆ ಕಾಂಕ್ರೀಟು, ಪೇವರ್ ಹಾಕಿದ ಪ್ರತಿ ಅಂಗಳದ ಮಳೆನೀರೂ ಇಂಗದೆ, ಓಡಿ ತಗ್ಗಿನವರ ಮನೆ ಸೇರುತ್ತದೆ. ಎತ್ತರದಲ್ಲಿರುವವರು ಪೂರಕ್ಕೆ ಸಿಗದಿರಬಹುದು, ಪೂರದಲ್ಲಿ ಅವರ ಪಾಲಂತೂ ಇದೆ.

‘ಡ್ಯಾಮ್ ಬಿಟ್ಟಿದ್ದಕ್ಕೇ ಊರು ಮುಳುಗಿತು’ ಎಂಬುದು ಜಿಲ್ಲೆಯಲ್ಲಿ ಅತಿ ಹೆಚ್ಚು ಓಡಾಡುವ ನಂಬಿಕೆ. ಇದರಲ್ಲಿ ಪೂರ್ತಿ ಸುಳ್ಳಿಲ್ಲ, ಅದಕ್ಕೇ ಇದು ಗಟ್ಟಿಯಾಗಿ ಕೂತಿದೆ. ಒಂದು ಸರಳ ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 1 ಲಕ್ಷ ಘನ ಅಡಿ, ಅಂದರೆ 1 ಲಕ್ಷ ಕ್ಯುಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಮಲಪ್ರಭೆಯ ನವಿಲುತೀರ್ಥದ್ದು ಸುಮಾರು 37 ಟಿಎಂಸಿ. ಅಷ್ಟು ರಭಸದ ಒಳಹರಿವು ಇದ್ದರೆ ಪೂರ್ತಿ ಬರಿದಾದ ಹಿಡಕಲ್ ಕೂಡ ಆರು ದಿನದೊಳಗೆ, ನವಿಲುತೀರ್ಥ ನಾಲ್ಕೂವರೆ ದಿನದೊಳಗೆ ತುಂಬುತ್ತದೆ. ಆಗಸ್ಟ್‌ನಲ್ಲಿ ಅವು ಬರಿದಾಗಿರುವುದೂ ಇಲ್ಲ. ನೀರಾವರಿಗೆ, ಕುಡಿಯುವ ನೀರಿಗೆ ಅಂತಲೇ ಕಟ್ಟಿದವು, ತುಂಬಿಸಲೇಬೇಕು. ಗೇಟು ಎತ್ತುವುದು ಕೊನೆಯ ದಾರಿ. ಎಷ್ಟು ಮುಂಚೆ ಎತ್ತಬೇಕು, ಕೆಳಗಿನ ರಾಮದುರ್ಗಕ್ಕೆ ಎಷ್ಟು ಹೊತ್ತು ಮೊದಲು ತಿಳಿಸಬೇಕು ಎನ್ನುವುದು ಮಾತ್ರ ನಿಜವಾದ ತಕರಾರು. ಕೇಳುವುದಾದರೆ ಅಧಿಕಾರಿಗಳನ್ನು ಅದನ್ನು ಕೇಳಬೇಕು.

ಗೋಕಾಕದ ಕತೆ ಇನ್ನೂ ತೊಡಕಿನದು. ಅಲ್ಲಿಗೆ ಬರುವುದು ಹಿಡಕಲ್ ನೀರೊಂದೇ ಅಲ್ಲ. ಅಣೆಕಟ್ಟಿನ ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತದೆ, ಊರಿನ ಹತ್ತಿರ ಮಾರ್ಕಂಡೇಯ ಸೇರುತ್ತದೆ. ಗೇಟು ಹಾಕಿಕೊಂಡು ಕೂತರೂ ಲೋಳಸೂರ ಸೇತುವೆಗೆ ನೀರು ಬರುವುದು ತಪ್ಪುವುದಿಲ್ಲ.

ಗಡಿ ದಾಟಿದರೆ ಇದೇ ನಂಬಿಕೆ ತಿರುಗಿ ನಮ್ಮ ಮೇಲೆ ಬೀಳುತ್ತದೆ. ಚಿಕ್ಕೋಡಿ, ಅಥಣಿಯವರು ಕೊಯ್ನಾ ಬಿಟ್ಟರು ಅಂತ ಬೈದರೆ, ಸಾಂಗ್ಲಿಯವರು ಆಲಮಟ್ಟಿ ಹಿನ್ನೀರು ನಮ್ಮನ್ನು ಮುಳುಗಿಸಿತು ಅಂತಾರೆ. 2019ರ ಮಹಾಪೂರದ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ, ಸಾಂಗ್ಲಿ–ಕೊಲ್ಲಾಪುರದ ಪೂರಕ್ಕೆ ಆಲಮಟ್ಟಿ ಕಾರಣವಲ್ಲ ಎಂದು ವರದಿ ಕೊಟ್ಟಿತು. ವರದಿ ಬಂದಮೇಲೂ ಚುನಾವಣಾ ಭಾಷಣಗಳಲ್ಲಿ ಆಲಮಟ್ಟಿ ಹಾಗೇ ಉಳಿದಿದೆ, ಆ ಮಾತು ಬೇರೆ.

‘ಜನ ಹಟಮಾರಿಗಳು, ಎಷ್ಟು ಹೇಳಿದರೂ ಊರು ಬಿಡೋದಿಲ್ಲ.’ ಇದು ಕಚೇರಿಗಳಲ್ಲಿ ಹುಟ್ಟಿದ ನಂಬಿಕೆ. ಬಿಡದಿರುವುದಕ್ಕೆ ಕಾರಣ ಹೆಚ್ಚಾಗಿ ಹಿತ್ತಲಲ್ಲಿ ಕಟ್ಟಿರುತ್ತದೆ: ಎರಡು ಎಮ್ಮೆ, ಒಂದು ಜೋಡಿ ಎತ್ತು. ಶಾಲೆಯ ಕೋಣೆಯಲ್ಲಿ ಕಾಳಜಿ ಕೇಂದ್ರ ತೆರೆದು ಅನ್ನ–ಸಾರು ಕೊಟ್ಟರೆ ಮನುಷ್ಯರಿಗಾಯಿತು, ದನಕ್ಕೆ? ಮೇವು, ನೆರಳು, ಕಟ್ಟಲು ಜಾಗ ಇದ್ದಲ್ಲಿಗೆ ಜನ ತಾವಾಗಿ ಬರುತ್ತಾರೆ. ಖಾನಾಪುರದ ಕಾಡೂರುಗಳ ಜನಕ್ಕಂತೂ ಮಳೆಗಾಲ ಎದುರಿಸುವುದನ್ನು ಯಾರೂ ಕಲಿಸಬೇಕಿಲ್ಲ. ಭೀಮಗಡ ಅರಣ್ಯದ ಗವ್ವಾಳಿ, ಕೊಂಗಳಾ, ಆಮಗಾಂವ್ ಕಡೆ ಹಳ್ಳಗಳು ಉಕ್ಕಿ ದಾರಿ ಕಡಿಯುತ್ತದೆ. ಅವರು ಮಳೆಗೆ ಮೊದಲೇ ಅಕ್ಕಿ, ಎಣ್ಣೆ, ಕಟ್ಟಿಗೆ ಕೂಡಿಟ್ಟುಕೊಳ್ಳುತ್ತಾರೆ, ಮರ ಕಟ್ಟಿ ಕಾಲುಸಂಕ ಮಾಡಿಕೊಳ್ಳುತ್ತಾರೆ. ಕಾಯಿಲೆಯವರನ್ನು ಹೊತ್ತುಕೊಂಡೇ ಡಾಂಬರು ರಸ್ತೆ ಮುಟ್ಟಬೇಕು. ಇದನ್ನು ‘ಸಹನಶೀಲತೆ’ ಅಂತ ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ; ಆ ಊರುಗಳ ಜನ ಕೇಳುತ್ತಿರುವುದು ಸೇತುವೆ, ಶಹಬ್ಬಾಸಗಿರಿಯಲ್ಲ.

ಅದೇ ತಾಲ್ಲೂಕಿನ ಹಬ್ಬನಹಟ್ಟಿಯಲ್ಲಿ ಮಲಪ್ರಭೆಯ ಪಾತ್ರದಲ್ಲೇ ಮಾರುತಿ ಗುಡಿ ಇದೆ. ಅದು ಮುಳುಗಿದ ವಿಡಿಯೊ ಬಂದೊಡನೆ ‘ಮಹಾಪೂರ’ ಎಂದು ಊರೆಲ್ಲ ಹಬ್ಬುತ್ತದೆ. ಗುಡಿ ಹೆಚ್ಚುಕಡಿಮೆ ಪ್ರತಿ ಮಳೆಗಾಲದಲ್ಲೂ ಮುಳುಗುತ್ತದೆ. ಹೊಳೆಯ ಮೇಲ್ಭಾಗದ ಕಣಕುಂಬಿಯಲ್ಲಿ ಮಳೆ ಜೋರಾಗಿದೆ ಅನ್ನುವುದಕ್ಕೆ ಅದು ಗುರುತು, ಅಷ್ಟೇ.

‘ನೀರು ಇಳೀತು, ಇನ್ನು ಭಯ ಇಲ್ಲ’ ಎಂಬ ನಂಬಿಕೆಯಷ್ಟು ಜೀವ ತೆಗೆಯುವುದು ಇನ್ನೊಂದಿಲ್ಲ. ಕಲ್ಲು–ಮಣ್ಣಿನ ಗೋಡೆ, ಹಸಿ ಇಟ್ಟಿಗೆಯ ಗೋಡೆ ನೀರಲ್ಲಿ ನಿಂತಾಗ ಬೀಳದೆ, ಬಿಸಿಲು ಬಿದ್ದ ಎರಡು–ಮೂರು ದಿನಕ್ಕೆ ಬೀಳುವುದುಂಟು. ಬುಡ ನೆನೆದು ಮೆತ್ತಗಾಗಿರುತ್ತದೆ, ಮೇಲೆ ಹೆಂಚಿನ, ಮಾಳಿಗೆಯ ಭಾರ ಹಾಗೇ ಇರುತ್ತದೆ. ಮುನ್ಸೂಚನೆ ಕಣ್ಣಿಗೆ ಕಾಣುತ್ತದೆ: ಗೋಡೆಯ ಬುಡ ಹೊರಕ್ಕೆ ಉಬ್ಬುವುದು, ಮೂಲೆಯಲ್ಲಿ ಓರೆ ಬಿರುಕು, ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆಯ ಗೋಡೆ ಕುಸಿದು 7 ಜನ ಸತ್ತರು, ಮಕ್ಕಳೂ ಸೇರಿ. ಅವರನ್ನು ಕೊಂದದ್ದು ಹೊಳೆಯಲ್ಲ.

ಕೊನೆಯದು, ‘ಮನೆ ಬಿದ್ದರೆ ಸರ್ಕಾರ 5 ಲಕ್ಷ ಕೊಡುತ್ತೆ’ ಎಂಬುದು. 2019ರಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿದ್ದು ನಿಜ. ಅದು ಕೇಂದ್ರದ ನಿಯಮದ ಮೊತ್ತವಲ್ಲ; ಆಗ ಬಯಲು ಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ ಆ ನಿಯಮದಡಿ ಸಿಗುತ್ತಿದ್ದದ್ದು 95,100 ರೂಪಾಯಿ. 5 ಲಕ್ಷವೂ ಒಮ್ಮೆಗೇ ಕೈಗೆ ಬರಲಿಲ್ಲ. ಎ, ಬಿ, ಸಿ ಎಂದು ಹಾನಿ ವಿಂಗಡಿಸಿ, ಬುನಾದಿ ಹಾಕಿದ ಫೋಟೊ, ಗೋಡೆ ಎದ್ದ ಫೋಟೊ ಅಂತ ಕಂತಿನ ಮೇಲೆ ಕಂತು ಕೊಟ್ಟರು. ಅಜ್ಜನ ಹೆಸರಲ್ಲೇ ಉತಾರ ಉಳಿದ ಕೂಡುಕುಟುಂಬಗಳು, ಹಕ್ಕುಪತ್ರವಿಲ್ಲದ ಗಾಂವಠಾಣದ ಹೊರಗಿನ ಮನೆಯವರು ಈ ಸಾಲಿನಲ್ಲಿ ಹಿಂದೆ ಬಿದ್ದರು.

ಹೀಗಾಗಿ ಮೇ ತಿಂಗಳಲ್ಲೇ ಮನೆಯ ನಾಲ್ಕೂ ಗೋಡೆ, ಉತಾರ, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಫೋಟೊ ತೆಗೆದು ಬೇರೆ ಊರಿನ ನೆಂಟರ ಫೋನಿಗೂ ಕಳಿಸಿಡಿ. ಗೋಡೆ ಬಿದ್ದರೆ, ಯಾರೂ ಸಿಕ್ಕಿಕೊಂಡಿಲ್ಲವೆಂದು ಖಾತ್ರಿಯಾದ ಮೇಲೆ, ತಲಾಠಿ ಬಂದು ಪಂಚನಾಮೆ ಮಾಡುವತನಕ ಕಲ್ಲು–ಮಣ್ಣು ಸರಿಸಬೇಡಿ. ಜಿಲ್ಲಾ ನಿಯಂತ್ರಣ ಕೊಠಡಿಯ ನಂಬರು 1077.