ಅಂಗವಾಚಕ ನುಡಿಗಟ್ಟುಗಳ ಅರ್ಥನಿರ್ಣಯ: ‘ಕೈ’ ಪದದ ನಿದರ್ಶನ

ದೇಹದ ಅಂಗಗಳು ಮನುಷ್ಯರೆಲ್ಲರಿಗೂ ಸಮಾನವಾದುವು. ಅವುಗಳಿಂದ ಹುಟ್ಟಿದ ನುಡಿಗಟ್ಟುಗಳಾದರೋ ಹಾಗಲ್ಲ. ಇಂಗ್ಲಿಷಿನಲ್ಲಿ ಒಬ್ಬನಿಗೆ ‘ಕೈ ಕೊಡುವುದು’ ಎಂದರೆ ನೆರವಾಗುವುದು. ಇಂದಿನ ಕನ್ನಡದ ಬಳಕೆಯಲ್ಲಿ ನಂಬಿದವನನ್ನು ನಡುನೀರಿನಲ್ಲಿ ಬಿಡುವುದು. ನೆರವಿನ ಅರ್ಥಕ್ಕೆ ನಮ್ಮಲ್ಲಿ ‘ಕೈಹಿಡಿ’, ‘ಕೈಜೋಡಿಸು’ ಎಂಬುವು ಬೇರೆಯೇ ಇವೆ. ಅಂಗವೊಂದೇ, ಅರ್ಥವನ್ನು ನಿರ್ಣಯಿಸುವುದು ಅದರೊಡನೆ ಸೇರುವ ಕ್ರಿಯಾಪದ ಮತ್ತು ರೂಢಿ.

ಈ ಭೇದವು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. ಯಾಪಲದಿನ್ನಿಯಿರುವ ರಾಯಚೂರು ಸೀಮೆಯಲ್ಲಿ ಮಳೆಯನ್ನೇ ನಂಬಿದ ಹೊಲಗಳು ಬಹಳ. ಅಲ್ಲಿಯ ಒಕ್ಕಲಿಗನು ‘ಮಳೆ ಕೈಕೊಟ್ಟಿತು’ ಎಂದರೆ ಜೋಳದ ಪೈರು ಒಣಗಿತೆಂದೇ ತಿಳಿಯಬೇಕು. ಈ ಮಾತನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ಮಳೆಯು ನೆರವಾಯಿತೆಂದಾಗಿ, ಬರದ ಅಹವಾಲು ಸುಭಿಕ್ಷದ ವರದಿಯಾಗಿಬಿಡುತ್ತದೆ! ಗಡಿಯಾಚೆಯ ತೆಲುಗಿನಲ್ಲಿ ಈ ಅಪಾಯವಿಲ್ಲ. ಅಲ್ಲಿಯೂ ‘ಚೆಯ್ಯಿಚ್ಚು’ ಎಂಬುದಕ್ಕೆ ವಂಚನೆಯ ಅರ್ಥವುಂಟು.

ಎರಡು ಭಾಷೆಗಳು ಒಮ್ಮೊಮ್ಮೆ ಕೂಡಿ ನಡೆಯುವುದೂ ಉಂಟು. ಪರರ ವಿಷಯದಲ್ಲಿ ‘ಮೂಗು ತೂರಿಸುವುದು’ ಎರಡರಲ್ಲಿಯೂ ಅಧಿಕಪ್ರಸಂಗವೇ. ಆದರೆ ‘ಮೂಗಿಗೆ ತುಪ್ಪ ಸವರುವುದು’ ನಮ್ಮ ಅಡಿಗೆಮನೆಯದು: ವಾಸನೆ ಬರುವುದು, ನಾಲಗೆಗೆ ಎಟುಕದು; ಆಸೆ ತೋರಿಸಿ ಕೊಡದಿರುವುದೆಂದು ಭಾವ. ಇಂಗ್ಲಿಷಿನಲ್ಲಿ ‘ಮೂಗಿನ ಮೂಲಕ ತೆರುವುದು’ ಎಂದರೆ ವಿಪರೀತ ಬೆಲೆ ಕೊಡುವುದು.

1894ರಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಪದಗಳೊಡನೆ ಗಾದೆಗಳನ್ನೂ ಕೊಟ್ಟು ಮೇಲ್ಪಂಕ್ತಿ ಹಾಕಿತು. ಅದೇ ಜಾಡಿನಲ್ಲಿ, ದ್ವಿಭಾಷಾ ನಿಘಂಟುಗಳು ನುಡಿಗಟ್ಟನ್ನು ಅಂಗದ ಹೆಸರಿನ ಕೆಳಗೆ ಬರಿದೆ ಪಟ್ಟಿಮಾಡದೆ, ಆಡುವವರ ಇಡಿಯ ವಾಕ್ಯದೊಡನೆ ಕೊಡುವುದು ಯುಕ್ತ. ಆಗಲೇ ಆಡಿದವನ ಅಳಲು ಓದಿದವನಿಗೆ ಅಳಲಾಗಿಯೇ ತಲಪುವುದು.