ಎಂಆರ್‌ಐ ಚಿತ್ರಕ್ಕೆ ಕಬ್ಬಿಣದ ನ್ಯಾನೊ ಕಣ

ಎಂಆರ್‌ಐ ಮಾಡುವಾಗ ಕೆಲವರಿಗೆ ತೋಳಿನ ರಕ್ತನಾಳಕ್ಕೆ ಚುಚ್ಚುಮದ್ದು ಕೊಡುವುದುಂಟು. ಅದು ರೋಗ ಗುಣಪಡಿಸುವ ಔಷಧವಲ್ಲ, ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ದ್ರಾವಣ. ಇದರ ಅಗತ್ಯವೇನು?

ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ನೀರಿನಲ್ಲಿರುವ ಹೈಡ್ರೊಜನ್‌ನ ನ್ಯೂಕ್ಲಿಯಸ್, ಅಂದರೆ ಪ್ರೋಟಾನ್, ಪುಟ್ಟ ಕಾಂತದಂತೆ ವರ್ತಿಸುತ್ತದೆ. 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಪ್ರಬಲ. ಅದರಲ್ಲಿ ಸಾಲುಗೂಡಿದ ಪ್ರೋಟಾನ್‌ಗಳನ್ನು ರೇಡಿಯೊ ತರಂಗ ಕದಲಿಸುತ್ತದೆ. ತರಂಗ ನಿಂತಾಗ ಅವು ಮೊದಲಿನ ಸ್ಥಿತಿಗೆ ಮರಳುತ್ತವೆ. ಆಗ ಹೊಮ್ಮುವ ಸಂಕೇತಗಳಿಂದ ಚಿತ್ರ ಮೂಡುತ್ತದೆ. ಮರಳುವ ವೇಗ ಒಂದೊಂದು ಅಂಗಾಂಶದಲ್ಲಿ ಒಂದೊಂದು ಬಗೆ. ವ್ಯತ್ಯಾಸ ತೀರ ಅಲ್ಪವಾದರೆ ಗಡ್ಡೆಯೊಂದು ಕಣ್ತಪ್ಪಬಹುದು. ದ್ರಾವಣ ಈ ವ್ಯತ್ಯಾಸವನ್ನು ಹಿಗ್ಗಿಸುತ್ತದೆ.

1988ರಿಂದ ಬಳಕೆಯಲ್ಲಿರುವುದು ಗ್ಯಾಡೊಲಿನಿಯಮ್. ಇದರ ಅಯಾನಿನಲ್ಲಿ ಜೊತೆಯಿಲ್ಲದ 7 ಎಲೆಕ್ಟ್ರಾನ್‌ಗಳಿವೆ. ಹಾಗಾಗಿ ಇದು ಸಮೀಪದ ಪ್ರೋಟಾನ್‌ಗಳನ್ನು ಬೇಗ ಮರಳಿಸಿ ಆ ಭಾಗವನ್ನು ಬೆಳಗಿಸುತ್ತದೆ. ಬಿಡಿ ಗ್ಯಾಡೊಲಿನಿಯಮ್ ವಿಷ. ಆದ್ದರಿಂದ ಅದನ್ನು ಸಾವಯವ ಅಣುವಿನ ಹಿಡಿತದಲ್ಲಿಟ್ಟು ಕೊಡುತ್ತಾರೆ, ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಮೂತ್ರಪಿಂಡಗಳೇ ಸೋತಿದ್ದರೆ? ಅಂಥವರಲ್ಲಿ ಚರ್ಮ ಗಡುಸಾಗಿ ಕೀಲುಗಳು ಬಿಗಿಯುವ ರೋಗಕ್ಕೂ ಕೆಲವು ಗ್ಯಾಡೊಲಿನಿಯಮ್ ದ್ರಾವಣಗಳಿಗೂ ಇರುವ ನಂಟು 2006ರಲ್ಲಿ ಬೆಳಕಿಗೆ ಬಂತು. ಹಿಡಿತ ಬಿಗಿಯಾಗಿರುವ ದ್ರಾವಣಗಳಲ್ಲಿ ಈ ಅಪಾಯ ತೀರ ಕಡಿಮೆ.

ಇನ್ನೊಂದು ದಾರಿ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳು. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಕಣಗಳು ಕಾಂತಕ್ಷೇತ್ರದಲ್ಲಿದ್ದಾಗ ಮಾತ್ರ ಬಲವಾದ ಕಾಂತಗಳಾಗುತ್ತವೆ. ಹೊರಬಂದಾಗ ಕಾಂತತ್ವ ಉಳಿಯದ ಕಾರಣ ಒಂದಕ್ಕೊಂದು ಸೆಳೆದು ಗಂಟುಕಟ್ಟುವುದಿಲ್ಲ. ಮೇಲೆ ಡೆಕ್ಸ್‌ಟ್ರಾನ್‌ನಂಥ ಸಕ್ಕರೆಯ ಲೇಪವಿರುತ್ತದೆ. ಯಕೃತ್ತಿನ ಕುಪ್ಫರ್ ಕೋಶಗಳು ಈ ಕಣಗಳನ್ನು ನುಂಗುತ್ತವೆ. ಆಗ ಆರೋಗ್ಯವಂತ ಭಾಗದ ಸಂಕೇತ ಕುಗ್ಗಿ ಕಪ್ಪಾಗುತ್ತದೆ. ಆ ಕೋಶಗಳಿಲ್ಲದ ಕ್ಯಾನ್ಸರ್ ಗಡ್ಡೆ ಬೆಳ್ಳಗೇ ಉಳಿದು ಎದ್ದು ಕಾಣುತ್ತದೆ. ಕೊನೆಗೆ ಕಣಗಳ ಕಬ್ಬಿಣ ದೇಹದ ಕಬ್ಬಿಣದ ಸಂಗ್ರಹಕ್ಕೆ ಸೇರುತ್ತದೆ.

ಆದರೂ ಇವಕ್ಕೆ ದೋಷಗಳಿಲ್ಲದಿಲ್ಲ. ಕಪ್ಪು ಕಲೆಯನ್ನು ರಕ್ತಸ್ರಾವವೆಂದು ತಪ್ಪಾಗಿ ತಿಳಿಯಬಹುದು. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫೆರುಮಾಕ್ಸೈಡ್ಸ್‌ನ ತಯಾರಿಕೆ 2008ರಲ್ಲಿ ನಿಂತಿತು. ರಕ್ತಹೀನತೆಗೆಂದು 2009ರಲ್ಲಿ ಬಂದ ಫೆರುಮಾಕ್ಸಿಟಾಲ್ ಅನ್ನು ವೈದ್ಯರು ಎಂಆರ್‌ಐಗೂ ಬಳಸತೊಡಗಿದರು. ಆದರೆ ತೀವ್ರ ಅಲರ್ಜಿಯ ಸಾಧ್ಯತೆಯ ಬಗ್ಗೆ 2015ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಕಟ್ಟೆಚ್ಚರಿಕೆ ನೀಡಿದರು. ಸುಮಾರು 3 ನ್ಯಾನೊಮೀಟರ್ ಗಾತ್ರದ ಕಣಗಳು ಗ್ಯಾಡೊಲಿನಿಯಮ್‌ನಂತೆ ಬೆಳಗಬಲ್ಲವೆಂದು ಪ್ರಯೋಗಗಳು ತೋರಿಸಿವೆ.

ನೀವು ಎಂಆರ್‌ಐಗೆ ಹೋಗುವಾಗ ಮೂತ್ರಪಿಂಡದ ತೊಂದರೆಯೋ ಅಲರ್ಜಿಯೋ ಇದ್ದರೆ ಮೊದಲೇ ತಿಳಿಸಿ. ಯಾವ ದ್ರಾವಣ ಕೊಡಬೇಕು, ಕೊಡಲೇಬೇಕೆ ಎಂಬುದನ್ನು ವೈದ್ಯರು ಅದರ ಮೇಲೆ ನಿರ್ಧರಿಸುತ್ತಾರೆ.