ಪಾಯ ಅಗೆಯುವಾಗ ಸಿಕ್ಕ ಬೆಳ್ಳಿ ನಾಣ್ಯ: ಅಸಲಿಯೋ, ನಕಲಿಯೋ?

'ಮನೆ ಪಾಯ ಅಗೆಯುವಾಗ ವಿಕ್ಟೋರಿಯಾ ರಾಣಿ ನಾಣ್ಯ ಸಿಕ್ಕಿವೆ, ಯಾರಿಗೂ ಹೇಳಬೇಡಿ, ಅರ್ಧ ಬೆಲೆಗೆ ಕೊಡ್ತೀವಿ.' ಈ ಮಾತು ನಂಬಿ ಹಣ ಕಳೆದುಕೊಂಡವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ನಾಣ್ಯಕ್ಕೆ ಮಣ್ಣು ಮೆತ್ತಿದೆ, ಕಪ್ಪಾಗಿದೆ ಎಂದ ಮಾತ್ರಕ್ಕೆ ಅದು ಹಳೆಯದಲ್ಲ. ಗಂಧಕದ ರಾಸಾಯನಿಕ ತಗುಲಿದರೆ ಹೊಸ ಬೆಳ್ಳಿಯೂ ಬೇಗ ಕಪ್ಪಾಗುತ್ತದೆ.

ಮೊದಲು ತೂಕ ನೋಡಿ. 1835ರಿಂದ 1939ರವರೆಗಿನ ಬ್ರಿಟಿಷ್ ಕಾಲದ ಒಂದು ರೂಪಾಯಿ ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ ಬೆಳ್ಳಿ ಶೇ. 91.7. (1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ಬರೀ ನಿಕ್ಕಲ್.) ಸವೆದ ನಾಣ್ಯ ತುಸು ಹಗುರಾಗಬಹುದು, ಆದರೆ ಸವೆದು ಭಾರವಾಗುವುದಿಲ್ಲ!

ಮನೆಯಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು. ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿ. ಪೂರ್ಣ ತೂಕದ ಅಸಲಿ ನಾಣ್ಯವಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ. ಅಷ್ಟೇ ತೂಕದ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಆಗಿದ್ದರೆ 1.35ರ ಆಸುಪಾಸು. ಆಯಸ್ಕಾಂತಕ್ಕೆ ಅಂಟಿದರಂತೂ ಅದು ಬೆಳ್ಳಿ ರೂಪಾಯಿ ಅಲ್ಲವೇ ಅಲ್ಲ.

ಬೆಳ್ಳಿ ಎಂದು ಗೊತ್ತಾದರೆ ಮುಗಿಯಿತೇ? ಇಲ್ಲ. ದೀಪಾವಳಿ, ಧನತೇರಸ್‌ಗೆ ವಿಕ್ಟೋರಿಯಾ, ಜಾರ್ಜ್ ಮುಖದ ಹೊಸ ಬೆಳ್ಳಿ ನಾಣ್ಯಗಳು ಮಾರಾಟವಾಗುತ್ತವೆ. ಬೆಳ್ಳಿ ನಿಜ, ನಾಣ್ಯ ಸುಳ್ಳು. ಅಕ್ಕಸಾಲಿಗರ ಒರೆಗಲ್ಲು ಇಲ್ಲಿ ಸಾಲದು, ಭೂತಗನ್ನಡಿ ಬೇಕು. ಟಂಕಸಾಲೆಯಲ್ಲಿ ಅಚ್ಚೊತ್ತಿದ ನಾಣ್ಯದ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದದ್ದಾದರೆ ಅಕ್ಷರ ಮಂಕು, ಮೈಮೇಲೆ ಸಣ್ಣ ಸಣ್ಣ ಗುಳಿ, ಕೆಲವೊಮ್ಮೆ ಅಂಚಿನ ಸುತ್ತ ಜೋಡಣೆಯ ಗೆರೆ.

ಇಸವಿಯೂ ಸುಳ್ಳನ್ನು ಬಯಲು ಮಾಡುತ್ತದೆ. ವಿಕ್ಟೋರಿಯಾ ಹೆಸರಿನ ಜೊತೆ 'ಎಂಪ್ರೆಸ್' ಎಂದು ಬಂದದ್ದು 1877ರಿಂದ, ಅದಕ್ಕೂ ಮೊದಲು 'ಕ್ವೀನ್'. 1862ರ ನಾಣ್ಯದಲ್ಲಿ 'ಎಂಪ್ರೆಸ್' ಇದ್ದರೆ ನಕಲಿ. ರಾಮ, ಸೀತೆ, ಹನುಮಂತರ ಚಿತ್ರವಿರುವ '1818 ಈಸ್ಟ್ ಇಂಡಿಯಾ ಕಂಪನಿ' ನಾಣ್ಯವನ್ನು ಕಂಪನಿ ಎಂದೂ ಟಂಕಿಸಿಲ್ಲ, ಆದರೂ ಲಕ್ಷಗಟ್ಟಲೆ ಬೆಲೆಯ ಆಸೆ ಹುಟ್ಟಿಸುತ್ತದೆ.

ಅಂದಹಾಗೆ, ನಿಜವಾಗಿ ಸಿಕ್ಕಿದ್ದರೆ ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಕಪ್ಪು ಪದರದ ಜೊತೆ ಸಂಗ್ರಾಹಕರು ಕೊಡುವ ಬೆಲೆಯೂ ಹೋಗುತ್ತದೆ.

ಕಾನೂನೂ ಗೊತ್ತಿರಲಿ. 1878ರ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಸಿಕ್ಕ 10 ರೂಪಾಯಿಗಿಂತ ಹೆಚ್ಚು ಮೌಲ್ಯದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. ಹಾಗಾಗಿ 'ಯಾರಿಗೂ ಹೇಳಬೇಡಿ' ಎಂದು ನಾಣ್ಯ ಮಾರಲು ಬಂದವನು ಒಂದೋ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ನಿಮ್ಮನ್ನು ಅಪರಾಧಕ್ಕೆ ಪಾಲುದಾರರನ್ನಾಗಿ ಮಾಡುತ್ತಿದ್ದಾನೆ.